ಟೇಬಲ್ ಮೇಲೊಂದು ಸಕಲೇಶಪುರ ಘಾಟಿ: ಮಾದರಿ ರೈಲಿಗೆ ಬೆಟ್ಟ, ಕಾಡು ಮಾಡುವ ಬಗೆ

ಮಾದರಿ ರೈಲು ಕೊಂಡವರು ಸಾಮಾನ್ಯವಾಗಿ ಮೊದಲು ಹಳಿ ಜೋಡಿಸುತ್ತಾರೆ. ಆಮೇಲೆ ಖಾಲಿ ಉಳಿದ ಜಾಗದಲ್ಲಿ ಒಂದು ಗುಡ್ಡ ಇಡುತ್ತಾರೆ. ಅದು ತಂದಿಟ್ಟ ಗುಡ್ಡದ ಹಾಗೇ ಕಾಣುತ್ತದೆ. ನಿಜವಾದ ಘಾಟಿಯಲ್ಲಿ ಬೆಟ್ಟ ಮೊದಲೇ ಇತ್ತು, ಹಳಿ ಅದನ್ನು ಕಡಿದುಕೊಂಡು ಬಂತು. ನೋಡುವವರಿಗೆ ಹಾಗನ್ನಿಸಿದರೆ ಅರ್ಧ ಕೆಲಸ ಗೆದ್ದಂತೆ.

ನಮ್ಮಲ್ಲಿ ಇದಕ್ಕೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಮಾರ್ಗಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಹಗಲು ರೈಲಿನ ಕಿಟಕಿ ಪಕ್ಕ ಕೂತು ಫೋಟೊ ತೆಗೆದುಕೊಳ್ಳಿ. ಹಳಿ ಮೇಲೆ ನಡೆದು ನೋಡುವ ಆಸೆ ಬೇಡ. ಅದು ಅಪಾಯ, ಕಾನೂನಿನ ಪ್ರಕಾರ ಅಪರಾಧ ಕೂಡ.

ಅಳತೆ

ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಎಂಬ ಗಾತ್ರದ ಮಾದರಿಯ ಅಳತೆ 1:87, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಆಳೆತ್ತರ ಇಲ್ಲಿ 2 ಸೆಂ.ಮೀ. 20 ಮೀಟರ್ ಮರ 23 ಸೆಂ.ಮೀ. ಆಗುತ್ತದೆ. ಬಹಳ ಜನ ಬೆರಳುದ್ದದ ಮರ ನೆಟ್ಟು ಕಾಡು ಅನ್ನುತ್ತಾರೆ, ಅದು ಪೊದೆ ಅಷ್ಟೇ. ಘಾಟಿಯ ಏರು 50ಕ್ಕೆ 1. ಅಂದರೆ ಒಂದು ಮೀಟರ್ ಹಳಿಗೆ 2 ಸೆಂ.ಮೀ. ಏರಿಸಿದರೆ ಸಾಕು. ಮಾದರಿ ಎಂಜಿನ್ ಆರಾಮಾಗಿ ಹತ್ತುತ್ತದೆ.

ನೆಲ

ಹಳಿಯನ್ನು ನೇರವಾಗಿ ಪ್ಲೈವುಡ್ ಹಲಗೆ ಮೇಲೆ ಹಾಕಬೇಡಿ. ಹಳಿಯಷ್ಟೇ ಅಗಲದ ಪ್ಲೈವುಡ್ ಪಟ್ಟಿ ಕತ್ತರಿಸಿ, ಮರದ ತುಂಡುಗಳ ಮೇಲೆ 10–15 ಸೆಂ.ಮೀ. ಎತ್ತರದಲ್ಲಿ ನಿಲ್ಲಿಸಿ. ಈಗ ಹಳಿಯ ಒಂದು ಪಕ್ಕ ಬೆಟ್ಟ ಏರಬಹುದು, ಇನ್ನೊಂದು ಪಕ್ಕ ಕಣಿವೆ ಇಳಿಯಬಹುದು. ಘಾಟಿ ಅನ್ನಿಸುವುದು ಮೇಲಿನ ಬೆಟ್ಟಕ್ಕಿಂತ ಕೆಳಗಿನ ಈ ಇಳಿಜಾರಿನಿಂದ.

ಬೆಟ್ಟದ ಒಡಲಿಗೆ ಥರ್ಮೋಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಚಾಕುವಿನಿಂದ ಕೆತ್ತಿ. ಫೆವಿಕಾಲ್ ಸಾಕು. ಸ್ಪ್ರೇ ಪೇಂಟ್, ಥಿನ್ನರ್ ತಾಗಿದರೆ ಥರ್ಮೋಕೋಲ್ ಕರಗಿಹೋಗುತ್ತದೆ. ಮೇಲೆ ಹೊದಿಸಲು ಮೂಳೆ ಮುರಿದಾಗ ಹಾಕುವ ಪ್ಲಾಸ್ಟರ್ ಬ್ಯಾಂಡೇಜ್ ಬಳಸಿ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನೀರಲ್ಲಿ ಅದ್ದಿ, ಎರಡು ಪದರ ಹಾಸಿ, ಒಂದು ದಿನ ಒಣಗಲು ಬಿಡಿ.

ಬಂಡೆಗೆ ಅಲ್ಯೂಮಿನಿಯಂ ಫಾಯಿಲ್ ಮುದುಡಿ, ಅರೆಬರೆ ಬಿಡಿಸಿ. ಪಿಒಪಿಯನ್ನು (ಪ್ಲಾಸ್ಟರ್ ಆಫ್ ಪ್ಯಾರಿಸ್) ದೋಸೆ ಹಿಟ್ಟಿನ ಹದಕ್ಕೆ ಕಲಸಿ ಅದರ ಮೇಲೆ ಸುರಿಯಿರಿ. ಗಟ್ಟಿಯಾಗಲು ಶುರುವಾದಾಗ ಹಾಗೇ ಎತ್ತಿ ಬೆಟ್ಟಕ್ಕೆ ಒತ್ತಿ ಹಿಡಿಯಿರಿ. ಒಣಗಿದ ಮೇಲೆ ಫಾಯಿಲ್ ಸುಲಿದರೆ ಸೀಳು, ಮೂಲೆಗಳೆಲ್ಲ ಮೂಡಿರುತ್ತವೆ. ನೀರು ನೀರಾದ ಕಪ್ಪು ಬಣ್ಣ ಹರಿಯಬಿಡಿ, ಅದು ತಾನೇ ಸೀಳುಗಳಿಗೆ ಇಳಿಯುತ್ತದೆ. ಆಮೇಲೆ ಒಣ ಬ್ರಷ್‌ನಲ್ಲಿ ತಿಳಿ ಬೂದು ಬಣ್ಣವನ್ನು ಅಂಚುಗಳಿಗೆ ಮಾತ್ರ ಸವರಿ.

ಈಗ ಮಣ್ಣು. ಮೊದಲೇ ಹಸಿರು ಹಾಕುವ ಆತುರ ಬೇಡ. ಇಡೀ ಬೆಟ್ಟಕ್ಕೆ ಕೆಂಪು ಮಣ್ಣಿನ ಬಣ್ಣ ಬಳಿಯಿರಿ. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿಗೆ ಸ್ವಲ್ಪ ಹಳದಿ, ಚಿಟಿಕೆ ಕಪ್ಪು ಸೇರಿಸಿದರೆ ಮಲೆನಾಡಿನ ಧರೆಯ ಬಣ್ಣ ಬರುತ್ತದೆ. ಗಿಡಗಳ ಸಂದಿಯಿಂದ ಈ ಕೆಂಪು ಇಣುಕಬೇಕು.

ಸುರಂಗದ ಬಾಯಿ

ಸುರಂಗದ ಒಳಗೂ ಗೋಡೆ ಬೇಕು. ಕಣ್ಣಿಗೆ ಬೀಳುವಷ್ಟು ದೂರ, ಅಂದರೆ ಒಂದು ಗೇಣು, ಕಪ್ಪು ರಟ್ಟು ಹಾಕಿ. ಅಂಟಿಸುವ ಮುಂಚೆ ಅತಿ ಉದ್ದದ ಬೋಗಿಯನ್ನು ಓಡಿಸಿ ನೋಡಿ. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ ವಾಲಿ ಗೋಡೆಗೆ ಉಜ್ಜುತ್ತದೆ. ಬೆಟ್ಟದ ಹಿಂಬದಿ ತೆರೆದೇ ಇರಲಿ. ಒಳಗೆ ರೈಲು ಹಳಿ ತಪ್ಪಿದರೆ ಕೈ ಹಾಕಲು ಜಾಗ ಬೇಕಲ್ವಾ?

ಬಾಯಿಯ ಕಮಾನಿನ ನೆತ್ತಿಗೆ ಡೀಸೆಲ್ ಹೊಗೆಯ ಮಸಿ, ನೀರು ಒಸರುವ ಪಕ್ಕಗಳಲ್ಲಿ ಪಾಚಿಯ ಹಸಿರು, ಅದರ ಕೆಳಗೆ ಒದ್ದೆ ಕಲ್ಲಿನ ಕಪ್ಪು ಗೆರೆ. ಹೊಳಪು ವಾರ್ನಿಷ್ ಬಳಸುವುದಿದ್ದರೆ ಆ ಒದ್ದೆ ಗೆರೆಗೆ ಮಾತ್ರ. ಉಳಿದದ್ದೆಲ್ಲ ಮಂಕಾಗಿರಲಿ. ನಾನು ಮಾದರಿಗಳಲ್ಲಿ ಮೊದಲು ಹುಡುಕುವುದೇ ಈ ಜಾಗವನ್ನು. ಇಲ್ಲಿ ಶ್ರದ್ಧೆ ಇದ್ದರೆ ಇಡೀ ಮಾದರಿಗೆ ಜೀವ ಬಂದಿರುತ್ತದೆ.

ಜಲ್ಲಿ

ಹಳಿಯ ಪಕ್ಕಗಳಿಗೆ ತುಕ್ಕಿನ ಬಣ್ಣ ಬಳಿದು, ಮೇಲ್ಭಾಗ ಒರೆಸಿ. ನಿಜವಾದ ಹಳಿಯ 50 ಮಿ.ಮೀ. ಜಲ್ಲಿ ಇಲ್ಲಿ 0.6 ಮಿ.ಮೀ. ಆಗುತ್ತದೆ. ಎಂ-ಸ್ಯಾಂಡ್ ಅನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಸರಿಸುಮಾರು ಆ ಗಾತ್ರ ಸಿಗುತ್ತದೆ. ತೊಳೆದು ಒಣಗಿಸಿ. ಆಮೇಲೆ ಅದರಲ್ಲಿ ಆಯಸ್ಕಾಂತ ಆಡಿಸುವುದನ್ನು ಮರೆಯಬೇಡಿ. ಕಬ್ಬಿಣದ ಕಣ ಉಳಿದರೆ ಎಂಜಿನ್ ಮೋಟರಿನ ಆಯಸ್ಕಾಂತ ಎಳೆದುಕೊಂಡು ಕೆಡುತ್ತದೆ.

ಮೆದು ಬ್ರಷ್‌ನಲ್ಲಿ ಹರಡಿ. ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ. ನಂತರ ಅರ್ಧಕ್ಕರ್ಧ ನೀರು ಸೇರಿಸಿದ ಫೆವಿಕಾಲ್ ಅನ್ನು ಡ್ರಾಪರ್‌ನಿಂದ ಬಿಡಿ. ಸೋಪು ನೀರು ಇಲ್ಲದಿದ್ದರೆ ಅಂಟು ಒಳಗೆ ಇಳಿಯದೆ ಮೇಲೇ ಗುಂಡಗೆ ನಿಲ್ಲುತ್ತದೆ. ಹಳಿ ಕವಲೊಡೆಯುವ ಜಾಗದ ಚಲಿಸುವ ಭಾಗಕ್ಕೆ ಅಂಟು ತಾಗಬಾರದು.

ಹಸಿರು

ಟ್ಯೂಬಿನ ಹಸಿರನ್ನು ಹಾಗೇ ಬಳಸಬೇಡಿ, ಪ್ಲಾಸ್ಟಿಕ್ ಆಟಿಕೆ ಥರ ಕಾಣುತ್ತದೆ. ಕಂದು ಅಥವಾ ಹಳದಿ ಬೆರೆಸಿ ಕನಿಷ್ಠ ಮೂರು ಬಗೆಯ ಹಸಿರು ಮಾಡಿಕೊಳ್ಳಿ. ಹಳೇ ಸ್ಪಾಂಜನ್ನು ಸಣ್ಣಗೆ ಕತ್ತರಿಸಿ, ಅಡುಗೆಗೆ ಬಳಸದ ಮಿಕ್ಸಿ ಜಾರ್‌ನಲ್ಲಿ ನೀರು ಹಾಕಿ ರುಬ್ಬಿ, ಬಣ್ಣದಲ್ಲಿ ಅದ್ದಿ ಒಣಗಿಸಿದರೆ ಎಲೆ ಸಿದ್ಧ.

ಮುಂಭಾಗದ ಕೆಲವು ಮರಗಳಿಗೆ ಮಾತ್ರ ಕಾಂಡ ಬೇಕು. ಬೈಂಡಿಂಗ್ ವೈರ್ ಹೊಸೆದು ಕೊಂಬೆ ಬಿಡಿಸಿ, ಫೆವಿಕಾಲ್‌ನಲ್ಲಿ ಕಲಸಿದ ಮರದ ಹೊಟ್ಟು ಮೆತ್ತಿ, ಒಣಗಿದ ಹೀರೇಕಾಯಿ ನಾರು ಸಿಕ್ಕಿಸಿ ಎಲೆ ಉದುರಿಸಿ. ಹಿಂದಿನ ಕಾಡಿನಲ್ಲಿ ಕಾಣುವುದು ಮರಗಳ ನೆತ್ತಿ ಮಾತ್ರ. ದಿಂಬಿಗೆ ತುಂಬುವ ಫೈಬರಿನ ಉಂಡೆಗಳನ್ನು ಅಂಟಿನಲ್ಲಿ ಅದ್ದಿ, ಎಲೆಪುಡಿಯಲ್ಲಿ ಹೊರಳಿಸಿ, ಒತ್ತೊತ್ತಾಗಿ ಜೋಡಿಸಿ. ಹಿಂದೆ ಹೋದಂತೆ ಉಂಡೆ ಚಿಕ್ಕದಾಗಲಿ, ಬಣ್ಣ ನೀಲಿಗೆ ತಿರುಗಲಿ. ಎರಡು ಅಡಿ ಅಗಲದ ಟೇಬಲ್ಲಿಗೂ ಆಳ ಬರುತ್ತದೆ.

ಎಲ್ಲ ಒಣಗಿದ ಮೇಲೆ ಹಳಿಯ ಮೇಲ್ಭಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಅಂಟಿನ ತೆಳು ಪೊರೆ ಉಳಿದರೂ ಚಕ್ರಕ್ಕೆ ಕರೆಂಟ್ ಸಿಗದೆ ಎಂಜಿನ್ ನಿಂತುಬಿಡುತ್ತದೆ. ಮೊದಲು ಎಂಜಿನ್ ಒಂದನ್ನೇ ನಿಧಾನಕ್ಕೆ ಓಡಿಸಿ, ಆಮೇಲೆ ಬೋಗಿ ಜೋಡಿಸಿ.