ಪೆನ್‌ಡ್ರೈವ್ ಲಿನಕ್ಸ್ ಏಳದಿದ್ದರೆ ಎಲ್ಲಿಂದ ನೋಡಬೇಕು

ಸಾಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಸಂಘಗಳ ರಸೀದಿ ಪುಸ್ತಕ, ಜೆರಾಕ್ಸ್, ಲ್ಯಾಮಿನೇಷನ್. ಮೇಜಿನ ಡ್ರಾಯರಿನಲ್ಲಿ ಕೆಂಪು ದಾರ ಕಟ್ಟಿದ ಒಂದು ಪೆನ್‌ಡ್ರೈವ್ ಯಾವಾಗಲೂ ಇರುತ್ತದೆ. ಅದರಲ್ಲಿರುವುದು ಲೈವ್ ಲಿನಕ್ಸ್. ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಕಂಪ್ಯೂಟರಿಗೆ ಏನನ್ನೂ ಇನ್‌ಸ್ಟಾಲ್ ಮಾಡುವುದು ಬೇಡ, ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ ಅದರಿಂದಲೇ ಶುರುವಾಗುತ್ತದೆ. ವಿಂಡೋಸ್ ಕೈಕೊಟ್ಟ ಲ್ಯಾಪ್‌ಟಾಪಿನಿಂದ ಫೋಟೋ, ಫೈಲು ಹೊರತೆಗೆಯೋದಕ್ಕೆ ನಾನು ಮೊದಲು ಕೈ ಹಾಕುವುದು ಇದಕ್ಕೇ.

ಮೊದಲ ಸಲ ಇದನ್ನು ತಯಾರು ಮಾಡಲು ನನಗೆ ನಾಲ್ಕು ರಾತ್ರಿ ಹಿಡಿಯಿತು. ಬಯೋಸ್ (ಕಂಪ್ಯೂಟರಿನ ಒಳಸೆಟ್ಟಿಂಗ್ಸ್) ಕೆದಕಿದೆ, ಹೊಸ ಪೆನ್‌ಡ್ರೈವ್ ತಂದೆ, ಲ್ಯಾಪ್‌ಟಾಪಿಗೆ ಬೈದೆ. ಕೊನೆಗೆ ನೋಡಿದರೆ ಡೌನ್‌ಲೋಡ್ ಆದ ಫೈಲೇ ಅರೆಬರೆ. ಆಮೇಲಿಂದ ನನ್ನದು ಒಂದೇ ಪಟ್ಟು. ಮೊದಲು ಫೈಲು, ಆಮೇಲೆ ಪೆನ್‌ಡ್ರೈವ್, ಆಮೇಲೆ ಬೂಟ್ (ಅಂದರೆ ಅದರಿಂದ ಕಂಪ್ಯೂಟರ್ ಏಳುವುದು), ಕೊನೆಗೆ ಪರದೆ. ಹಿಂದಿನದು ಸರಿ ಇದೆ ಅಂತ ಖಾತ್ರಿಯಾಗದೆ ಮುಂದಿನದನ್ನು ಮುಟ್ಟುವುದಿಲ್ಲ.

ಫೈಲು

ಆಗ ನನ್ನ ಮೊಬೈಲ್ ಪ್ಯಾಕಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಸಿಗುತ್ತಿತ್ತು. ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ನಾನು ಇಳಿಸಿದ್ದು ಮಿಂಟ್. ಅದರ ಫೈಲು ಸುಮಾರು 3 ಜಿಬಿ. (ಉಬುಂಟು 24.04 ಆದರೆ 6 ಜಿಬಿ ಹತ್ತಿರ.) ಪ್ಯಾಕು ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಬೀಳುತ್ತದೆ. ಆ ಲೆಕ್ಕದಲ್ಲಿ ಒಂದು ಜಿಬಿ ಇಳಿಯಲು ಹೆಚ್ಚುಕಡಿಮೆ ಒಂದೂವರೆ ದಿನ ಬೇಕು! ಅದಕ್ಕೆ ರಾತ್ರಿ ಹತ್ತೂವರೆಗೆ ಶುರು ಮಾಡುತ್ತಿದ್ದೆ. ಹನ್ನೆರಡರೊಳಗೆ ಇವತ್ತಿನ ಪಾಲು, ಹನ್ನೆರಡು ದಾಟಿದ ಮೇಲೆ ನಾಳಿನ ಪಾಲು.

ಉಪಾಯ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಬ್ರೌಸರ್‌ನಿಂದ. ನಡುವೆ ನೆಟ್ ಹೋದರೆ ಒಮ್ಮೆ ಮುಂದುವರಿಸುತ್ತದೆ, ಇನ್ನೊಮ್ಮೆ ಮೊದಲಿಂದ ಶುರು ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಕೆಲವು ಸಲ ಅರ್ಧಕ್ಕೇ ನಿಂತು, ಎಲ್ಲ ಮುಗಿಯಿತು ಅಂತ ತೋರಿಸಿಬಿಡುತ್ತದೆ. ನನಗೆ ಆಗಿದ್ದು ಅದೇ. 2.6 ಜಿಬಿಗೆ ನಿಂತ ಫೈಲನ್ನು ಇಟ್ಟುಕೊಂಡು ಮೂರು ರಾತ್ರಿ ಒದ್ದಾಡಿದ್ದೆ.

ನೆಟ್ ನೆಟ್ಟಗಿಲ್ಲದ ಕಡೆ ಟೊರೆಂಟ್‌ನಲ್ಲಿ ಇಳಿಸಿ. ಟೊರೆಂಟ್ ಅಂದಕೂಡಲೇ ಕಳ್ಳ ಸಿನಿಮಾ ನೆನಪಾಗುತ್ತದೆ ಅಲ್ವಾ? ಆದರೆ ಮಿಂಟ್, ಉಬುಂಟು, ಡೆಬಿಯನ್‌ನವರು ತಮ್ಮ ಪುಟದಲ್ಲೇ ಟೊರೆಂಟ್ ಕೊಂಡಿ ಕೊಟ್ಟಿದ್ದಾರೆ, ಇದರಲ್ಲಿ ಕಳ್ಳತನ ಏನೂ ಇಲ್ಲ. ಕ್ಯೂಬಿಟ್‌ಟೊರೆಂಟ್ ಹಾಕಿಕೊಂಡರೆ ಸಾಕು. ಅದು ಫೈಲನ್ನು ಚೂರು ಚೂರಾಗಿ ಇಳಿಸಿ ಪ್ರತಿ ಚೂರನ್ನೂ ಪರೀಕ್ಷಿಸುತ್ತದೆ. ಕರೆಂಟ್ ಹೋಗಲಿ, ಪ್ಯಾಕು ಮುಗಿಯಲಿ, ನಿಂತಲ್ಲಿಂದ ಮುಂದುವರಿಯುತ್ತದೆ.

ಬ್ರೌಸರ್‌ನಲ್ಲಿ ಇಳಿಸಿ ಕೆಟ್ಟುಹೋದ ಫೈಲು ನಿಮ್ಮ ಹತ್ತಿರ ಈಗಾಗಲೇ ಇದ್ದರೆ ಡಿಲೀಟ್ ಮಾಡಬೇಡಿ. ಅದೇ ಆವೃತ್ತಿಯ ಟೊರೆಂಟ್ ತೆಗೆದುಕೊಂಡು, ಉಳಿಸುವ ಜಾಗವಾಗಿ ಆ ಹಳೆಯ ಫೈಲು ಇರುವ ಫೋಲ್ಡರನ್ನೇ ತೋರಿಸಿ. ಫೈಲಿನ ಹೆಸರು ಒಂದಕ್ಷರವೂ ಬದಲಾಗಿರಬಾರದು. ಕೊನೆಯಲ್ಲಿ ಬ್ರೌಸರ್ ಆವರಣದೊಳಗೆ 1 ಅಂತ ಸೇರಿಸಿದ್ದರೆ ತೆಗೆಯಿರಿ. ಟೊರೆಂಟ್ ಇರುವುದನ್ನೆಲ್ಲ ಪರೀಕ್ಷಿಸಿ, ಕೆಟ್ಟ ಮತ್ತು ಬಾರದ ಚೂರುಗಳನ್ನು ಮಾತ್ರ ಇಳಿಸುತ್ತದೆ. ನಾಲ್ಕನೆಯ ರಾತ್ರಿ ನನ್ನ ಫೈಲು ಸರಿಯಾಗಿದ್ದು ಹೀಗೇ.

ಇಳಿದ ಮೇಲೆ ಚೆಕ್‌ಸಮ್ ನೋಡಲೇಬೇಕು. ಡೌನ್‌ಲೋಡ್ ಪುಟದಲ್ಲಿ ಎಸ್‌ಎಚ್‌ಎ256 ಎಂಬ ಹೆಸರಿನಲ್ಲಿ 64 ಅಕ್ಷರಗಳ ಒಂದು ಉದ್ದ ಸಾಲು ಇರುತ್ತದೆ. ಫೈಲಿನಲ್ಲಿ ಒಂದೇ ಒಂದು ಬೈಟ್ ಬೇರೆಯಾದರೂ ಆ ಸಾಲು ಪೂರಾ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಕಮಾಂಡ್ ಕಲಿಯಬೇಕಿಲ್ಲ. ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ಎಂಬ ಪ್ರೋಗ್ರಾಂ ತೆರೆದು, ಇಳಿಸಿದ ಲಿನಕ್ಸ್ ಫೈಲನ್ನು (ಇದಕ್ಕೆ ಐಎಸ್‌ಒ ಅನ್ನುತ್ತಾರೆ) ಆರಿಸಿ, ಪಕ್ಕದ ಟಿಕ್ ಗುರುತಿನ ಸಣ್ಣ ಗುಂಡಿ ಒತ್ತಿ. ಬರುವ ಸಾಲನ್ನು ಪುಟದ ಸಾಲಿನ ಜತೆ ಹೋಲಿಸಿ. ನಾನು ಎರಡನ್ನೂ ನೋಟ್‌ಪ್ಯಾಡ್‌ನಲ್ಲಿ ಮೇಲೆ ಕೆಳಗೆ ಅಂಟಿಸಿ ನೋಡುತ್ತೇನೆ. ಡಿಟಿಪಿ ಮಾಡಿ ಮಾಡಿ ಕಣ್ಣಿಗೆ ಕರಡು ತಿದ್ದುವ ಅಭ್ಯಾಸ ಆಗಿದೆ.

ಸುಮ್ನೆ ಅತಿ ಜಾಗ್ರತೆ ಅಂತ ಅನ್ನಿಸಬಹುದು. 2016ರ ಫೆಬ್ರುವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ಯಾರೋ ನುಗ್ಗಿ, ಕೊಂಡಿಯನ್ನು ಕಳ್ಳಬಾಗಿಲಿದ್ದ ಐಎಸ್‌ಒ ಕಡೆ ತಿರುಗಿಸಿದ್ದರು. ಅವತ್ತು ಅದನ್ನು ಇಳಿಸಿಕೊಂಡವರಿಗೆ ತಮ್ಮ ಫೈಲು ಅಸಲಿಯೋ ನಕಲಿಯೋ ತಿಳಿಯಲು ದಾರಿಯಾಗಿದ್ದು ಆಮೇಲೆ ಪ್ರಕಟಿಸಿದ ಇಂಥ ಸಾಲುಗಳೇ.

ಯಾವ ಫೈಲು ಆರಿಸಬೇಕು ಎಂಬುದರಲ್ಲೂ ಎಡವುತ್ತಾರೆ. ಎಎಮ್‌ಡಿ64 ಅಂತ ಬರೆದಿದ್ದರೆ ಇಂಟೆಲ್ ಪ್ರೊಸೆಸರಿಗೂ ಅದೇ ಬೇಕಾದದ್ದು, ಹೆಸರು ನೋಡಿ ಹೆದರಬೇಡಿ. ಬಹಳ ಹಳೆಯ 32 ಬಿಟ್ ಕಂಪ್ಯೂಟರ್ ಆದರೆ ಈಗಿನ ಮಿಂಟ್ ನಡೆಯುವುದಿಲ್ಲ. ಈ ಕರ್ನಲ್‌ಗೆ ಎಕ್ಸ್86-64 ಸಿಪಿಯು ಬೇಕು ಎಂಬ ಒಂದೇ ಸಾಲು ತೋರಿಸಿ ನಿಂತುಬಿಡುತ್ತದೆ. ಅಂಥದ್ದಕ್ಕೆ ಆಂಟಿಎಕ್ಸ್ ಎಂಬ ಲಿನಕ್ಸ್‌ನ 32 ಬಿಟ್ ಆವೃತ್ತಿ ಹಾಕಿ. ಮಿಂಟ್‌ಗೆ 2 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ ಅನ್ನುತ್ತಾರೆ, ಆದರೆ 4 ಜಿಬಿ ಇಲ್ಲದೆ ಲೈವ್‌ನಲ್ಲಿ ಫೈರ್‌ಫಾಕ್ಸ್ ತೆರೆಯುವ ಸಾಹಸ ನಾನಂತೂ ಮಾಡುವುದಿಲ್ಲ.

ಪೆನ್‌ಡ್ರೈವ್

ಐಎಸ್‌ಒ ಫೈಲನ್ನು ಸಿನಿಮಾ ಕಾಪಿ ಮಾಡಿದ ಹಾಗೆ ಪೆನ್‌ಡ್ರೈವ್‌ಗೆ ಎಳೆದು ಹಾಕಿದರೆ ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಎಚರ್‌ನಿಂದ ಬರೆಯಬೇಕು. ಬರೆಯುವಾಗ ಹಳೆಯದೆಲ್ಲ ಅಳಿಸಿಹೋಗುತ್ತದೆ. ರೂಫಸ್ ಕೆಲವು ಸಲ ಐಎಸ್‌ಒ ಮೋಡೋ ಡಿಡಿ ಮೋಡೋ ಅಂತ ಕೇಳುತ್ತದೆ. ಮೊದಲು ಐಎಸ್‌ಒ ಮೋಡ್ ಕೊಡಿ, ಏಳದಿದ್ದರೆ ಡಿಡಿ.

ಬರೆದಾದ ಮೇಲೆ ವಿಂಡೋಸ್ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ. ಲಿನಕ್ಸ್ ಬರೆದ ಭಾಗ ಅದಕ್ಕೆ ಅರ್ಥವಾಗದೆ ಹಾಗೆ ಕೇಳುತ್ತದೆ. ನಮ್ಮ ಹುಡುಗ ಒಮ್ಮೆ ಹೌದು ಅಂದುಬಿಟ್ಟ. ಹತ್ತು ನಿಮಿಷ ಕೂತು ಬರೆದದ್ದು ಎರಡು ಸೆಕೆಂಡಿನಲ್ಲಿ ಹೋಯಿತು.

ಈಗ ನಾನು ಬಳಸುವುದು ವೆಂಟಾಯ್. ಒಮ್ಮೆ ಅದನ್ನು ಪೆನ್‌ಡ್ರೈವ್‌ಗೆ ಹಾಕಿದರೆ ಮುಂದೆ ಐಎಸ್‌ಒ ಫೈಲುಗಳನ್ನು ನಿಜವಾಗಿಯೂ ಸಿನಿಮಾ ಥರ ಎಳೆದು ಹಾಕಬಹುದು. ಎಷ್ಟು ಹಿಡಿಯುತ್ತದೋ ಅಷ್ಟು. ಆನ್ ಮಾಡಿದಾಗ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳುವುದು.

ವೆಂಟಾಯ್‌ನಿಂದಲೇ ಇನ್ನೊಂದು ಮೋಸವೂ ಹೊರಬಿತ್ತು. ನಮ್ಮೂರ ಮಾರಿಕಾಂಬಾ ಜಾತ್ರೆಯಲ್ಲಿ 64 ಜಿಬಿ ಪೆನ್‌ಡ್ರೈವ್ ಅಗ್ಗಕ್ಕೆ ಸಿಕ್ಕಿತ್ತು. ಮೂರು ಐಎಸ್‌ಒ ಹಾಕಿದೆ. ಮೊದಲನೆಯದು ಚೆನ್ನಾಗಿ ಎದ್ದಿತು. ಉಳಿದೆರಡು ಅರ್ಧ ಎದ್ದು, ಸ್ಕ್ವಾಷ್‌ಎಫ್‌ಎಸ್ ಎರರ್ ಅಂತ ಸಾಲು ಸಾಲಾಗಿ ಕಾರತೊಡಗಿದವು. ಮೂರರ ಚೆಕ್‌ಸಮ್ಮೂ ಸರಿ ಇತ್ತು. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿದಾಗ ಗೊತ್ತಾಯಿತು: ಒಳಗಿದ್ದದ್ದು 4 ಜಿಬಿಯೂ ಪೂರ್ತಿ ಇಲ್ಲದ ಚಿಪ್ಪು. 64 ಅಂತ ಸುಳ್ಳು ಹೇಳುತ್ತಿತ್ತು. ಅದರಾಚೆ ಬರೆದದ್ದೆಲ್ಲ ಗಾಳಿಗೆ. ಫೈಲು ಸರಿ ಇದ್ದೂ ಸ್ಕ್ವಾಷ್‌ಎಫ್‌ಎಸ್ ಎರರ್ ಬಂದರೆ ಪೆನ್‌ಡ್ರೈವ್ ಮೇಲೆ ಗುಮಾನಿ ಇಡಿ.

ಬರೆದು ಮುಗಿದ ಮೇಲೆ ಸರಿಯಾಗಿ ಇಜೆಕ್ಟ್ ಮಾಡಿ ತೆಗೆಯಿರಿ. ಪೆನ್‌ಡ್ರೈವ್‌ನ ದೀಪ ಮಿನುಗುತ್ತಿದ್ದರೆ ಇನ್ನೂ ಬರೆಯುತ್ತಿದೆ ಅಂತ ಅರ್ಥ.

ಬೂಟ್

ಲ್ಯಾಪ್‌ಟಾಪ್ ಆನ್ ಮಾಡಿದ ಕ್ಷಣದಿಂದಲೇ ಬೂಟ್ ಮೆನು ಕೀ ಒತ್ತುತ್ತಿರಬೇಕು. ಡೆಲ್, ಲೆನೊವೊ ಆದರೆ ಹೆಚ್ಚಾಗಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9. ಏಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕಾಗಬಹುದು. ಕೀ ಹಿಡಿಯಲು ಆಗದಿದ್ದರೆ, ವಿಂಡೋಸ್ ಇನ್ನೂ ಏಳುತ್ತಿದ್ದರೆ, ಶಿಫ್ಟ್ ಒತ್ತಿಕೊಂಡೇ ರೀಸ್ಟಾರ್ಟ್ ಮಾಡಿ. ಬರುವ ನೀಲಿ ಪರದೆಯಲ್ಲಿ ಡಿವೈಸ್ ಬಳಸುವ ಆಯ್ಕೆ ಇರುತ್ತದೆ.

ಮೆನುವಿನಲ್ಲಿ ಪೆನ್‌ಡ್ರೈವ್ ಕಾಣದಿದ್ದರೆ ಬೇರೆ ತೂತಿಗೆ ಚುಚ್ಚಿ ನೋಡಿ. ಹಬ್ ಮೂಲಕ ಬೇಡ, ನೇರವಾಗಿ. ಹಳೆಯ ಡೆಸ್ಕ್‌ಟಾಪ್ ಆದರೆ ಹಿಂಬದಿಯ ತೂತೇ ವಾಸಿ, ಮುಂದಿನದರ ಒಳವೈರು ಸಡಿಲವಾಗಿರುವುದು ಜಾಸ್ತಿ.

ಸೆಕ್ಯೂರ್ ಬೂಟ್ (ಗುರುತು ಸಿಗದ್ದನ್ನು ಏಳಲು ಬಿಡದ ಕಾವಲು) ಇರುವ ಕಂಪ್ಯೂಟರಿನಲ್ಲಿ ವೆಂಟಾಯ್ ಮೊದಲ ಸಲ ವೆರಿಫಿಕೇಷನ್ ಫೇಲ್ಡ್ ಅನ್ನುತ್ತದೆ. ಓಕೆ ಕೊಟ್ಟು, ಯಾವುದಾದರೂ ಕೀ ಒತ್ತಿ, ಡಿಸ್ಕಿನಿಂದ ಕೀ ಎನ್‌ರೋಲ್ ಮಾಡುವ ಸಾಲು ಆರಿಸಿ. ವೆಂಟಾಯ್‌ನ ಚಿಕ್ಕ ಭಾಗದೊಳಗೆ ಇದನ್ನೇ ಎನ್‌ರೋಲ್ ಮಾಡಿ ಎಂಬ ಹೆಸರಿನ ಫೈಲೇ ಇದೆ. ಒಂದು ಯಂತ್ರಕ್ಕೆ ಒಮ್ಮೆ ಮಾಡಿದರೆ ಸಾಕು. ಎಸ್‌ಬಿಎಟಿ ಅಂತ ಏನಾದರೂ ಬೈದರೆ ನಿಮ್ಮ ವೆಂಟಾಯ್ ಅಥವಾ ಐಎಸ್‌ಒ ಹಳೆಯದಿರಬಹುದು. ಹೊಸ ಆವೃತ್ತಿ ಇಳಿಸಿ.

ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಆಯಿತಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೌದು, ಆಗುತ್ತದೆ. ಆದರೆ ಅದಕ್ಕೆ ಮುಂಚೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ವಿಂಡೋಸ್ ಬಾಗಿಲಲ್ಲೇ ನಿಲ್ಲಿಸಿ ಅದನ್ನು ಕೇಳಬಹುದು.

ಇದರ ಬಿಸಿ ನನಗೆ ತಟ್ಟಿದ್ದು ಹೀಗೆ. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಲ್ಯಾಪ್‌ಟಾಪನ್ನು ಬಟ್ಟೆಚೀಲದಲ್ಲಿ ಸುತ್ತಿ ತಂದರು. "ಮಾರಾಯ್ತಿ, ನೀಲಿ ಬರ್ತದೆ, ಹೋಗ್ತದೆ, ಮತ್ತೆ ನೀಲಿ. ಮಗಳ ಮದುವೆ ಫೋಟೋ ಎಲ್ಲ ಇದ್ರಲ್ಲೇ ಇದೆ" ಅಂದರು. ಕೆಂಪು ದಾರದ ಪೆನ್‌ಡ್ರೈವ್ ಚುಚ್ಚಿದೆ, ಮಿಂಟ್ ಎದ್ದಿತು. ಡಿಸ್ಕ್ ಮೇಲೆ ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳಿತು. ಮೇಷ್ಟ್ರು ಯಾವ ಪಾಸ್‌ವರ್ಡನ್ನೂ ಇಟ್ಟವರಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿದಾಗ ವಿಂಡೋಸ್ ತಾನೇ ಬೀಗ ಹಾಕಿಕೊಂಡಿತ್ತು. ಅಕೌಂಟ್ ಮಾಡಿಕೊಟ್ಟವಳು ಬೆಂಗಳೂರಿನಲ್ಲಿದ್ದ ಅದೇ ಮಗಳು. ಅವಳು ಲಾಗಿನ್ ಆಗಿ ಕೀ ಹುಡುಕಿ ಫೋನಿನಲ್ಲಿ ಓದಿದಳು. ಆರಾರು ಅಂಕಿಯ ಎಂಟು ಗುಂಪು, ಒಟ್ಟು 48 ಅಂಕಿ. ಮೇಷ್ಟ್ರು ಜೋರಾಗಿ ಪುನಃ ಹೇಳುವುದು, ನಾನು ಒತ್ತುವುದು, ಥೇಟ್ ಮಗ್ಗಿ ಒಪ್ಪಿಸಿದ ಹಾಗೆ. ಮೊದಲ ಸಲ ತಪ್ಪಾಯಿತು, ಗುಂಪುಗಳ ನಡುವೆ ಹೈಫನ್ ಹಾಕಿರಲಿಲ್ಲ. ಹೈಫನ್ ಸಮೇತ ಹಾಕಿದ ಮೇಲೆ ಡಿಸ್ಕ್ ತೆರೆಯಿತು. ಫೋಟೋಗಳನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ.

ಡಿಸ್ಕ್ ತೆರೆದರೂ ಬರೆಯಲು ಬಿಡದೆ ಓದಲು ಮಾತ್ರ ಬಿಡುತ್ತಿದ್ದರೆ ಅದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೆಲಸ. ಶಟ್‌ಡೌನ್ ಅಂದರೂ ಅದು ಅರೆನಿದ್ದೆಯಲ್ಲೇ ಇರುತ್ತದೆ. ವಿಂಡೋಸ್‌ಗೆ ಹೋಗಿ ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಮಾಡಿ. ಕಾಪಿ ಮಾಡಿಕೊಳ್ಳುವುದಷ್ಟೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಓದಲು ಸಿಕ್ಕರೆ ಸಾಕಲ್ಲ.

ಪರದೆ ಮತ್ತು ಉಳಿದದ್ದು

ಮೆನು ಬಂತು, ಆಮೇಲೆ ಪರದೆ ಕಪ್ಪು. ಇದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ತಕರಾರು, ಎನ್ವಿಡಿಯಾ ಇದ್ದರೆ ಇನ್ನೂ ಜಾಸ್ತಿ. ಮಿಂಟ್‌ನ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಂಬ ಸಾಲು ಇದೆ, ಅದನ್ನು ಆರಿಸಿ. ಬೇರೆ ಲಿನಕ್ಸ್‌ನಲ್ಲಿ ಮೆನು ಬಂದಾಗ ಇ ಅಕ್ಷರ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿಗೆ ಹೋಗಿ, ಕ್ವೈಟ್ ಸ್ಪ್ಲ್ಯಾಷ್ ಎಂಬ ಎರಡು ಪದಗಳ ಮುಂದೆ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಾಗಿ ಟೈಪ್ ಮಾಡಿ ಎಫ್10 ಒತ್ತಿ.

ವೈಫೈ ಕಾಣದಿದ್ದರೆ ಡ್ರೈವರ್ ಹುಡುಕುತ್ತಾ ಕೂರಬೇಡಿ. ಮೊಬೈಲನ್ನು ಚಾರ್ಜರ್ ವೈರಿನಿಂದ ಲ್ಯಾಪ್‌ಟಾಪಿಗೆ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ನೆಟ್ ಬಂದರೂ ಪ್ರತಿ ಪುಟವೂ ಸುರಕ್ಷಿತವಲ್ಲ ಅಂತ ಹೆದರಿಸಿದರೆ ಮೂಲೆಯ ತಾರೀಖು ನೋಡಿ. ಹಳೆಯ ಯಂತ್ರದ ಬಟನ್ ಸೆಲ್ ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಿನದಿರುತ್ತದೆ, ಆಗ ಬ್ರೌಸರ್ ಯಾವ ಸರ್ಟಿಫಿಕೇಟನ್ನೂ ನಂಬುವುದಿಲ್ಲ. ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ಸಿಆರ್2032 ಸೆಲ್.

ಕನ್ನಡ ಓದಲು ತೊಂದರೆಯಿಲ್ಲ. ಬರೆಯಲು ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ ಹುಡುಕಿ. ಬರಿ ಕನ್ನಡ ಅಂತಿರುವುದು ಇನ್‌ಸ್ಕ್ರಿಪ್ಟ್. ನುಡಿಯಲ್ಲಿ ಕೈ ಪಳಗಿದವರು ಕಗಪ ಅಂತಿರುವುದನ್ನು ಹಾಕಿಕೊಳ್ಳಿ.

ಹಾಗಂತ ಲೈವ್‌ನಲ್ಲೇ ಕೂತು ಕೆಲಸ ಮಾಡಲು ಹೋಗಬೇಡಿ. ನಾನೊಮ್ಮೆ ಎರಡು ಪುಟದ ವಾರ್ಷಿಕ ವರದಿ ಟೈಪ್ ಮಾಡಿ, ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿ, ಬಂದ್ ಮಾಡಿದೆ. ಲೈವ್‌ನಲ್ಲಿ ಡೆಸ್ಕ್‌ಟಾಪ್ ಇರುವುದು ರ‍್ಯಾಮ್‌ನಲ್ಲಿ. ಮಾರನೆಯ ದಿನ ಎರಡೂ ಪುಟ ಮತ್ತೆ ಟೈಪ್ ಮಾಡಿದೆ. ಉಳಿಯಬೇಕಾದ್ದನ್ನು ಬೇರೆ ಪೆನ್‌ಡ್ರೈವ್‌ಗೆ ಹಾಕಿ. ಉಬುಂಟು ಬರೆಯುವಾಗಲಾದರೆ ರೂಫಸ್‌ನಲ್ಲಿ ಪರ್ಸಿಸ್ಟೆಂಟ್ ಜಾಗ (ಬಂದ್ ಮಾಡಿದರೂ ಉಳಿಯುವ ಜಾಗ) ಎಷ್ಟು ಬೇಕು ಅಂತ ಎಳೆಯುವ ಗೆರೆ ಇದೆ, ಅದಕ್ಕೆ ಒಂದು 4 ಜಿಬಿ ಕೊಡಿ.

ಲೈವ್ ಓಡಿಸಿ ವಿಂಡೋಸ್‌ಗೆ ವಾಪಸ್ ಬಂದ ಮೇಲೆ ಗಡಿಯಾರ ಒಮ್ಮೆ ನೋಡಿಕೊಳ್ಳಿ. ಲಿನಕ್ಸ್ ಯಂತ್ರದ ಒಳಗಡಿಯಾರವನ್ನು ಗ್ರೀನಿಚ್ ಸಮಯಕ್ಕೆ ತಿರುಗಿಸಿಟ್ಟಿರಬಹುದು, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಟೈಮ್ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ಒತ್ತಿದರೆ ಸರಿಹೋಗುತ್ತದೆ. ನಾನು ಒತ್ತಲು ಮರೆತ ದಿನ, ಬೆಳಗ್ಗೆ ಹತ್ತು ಗಂಟೆಗೆ ಕೊಟ್ಟ ಬಿಲ್ಲಿನ ಮೇಲೆ 4:30 ಅಂತ ಪ್ರಿಂಟ್ ಆಗಿತ್ತು. ಗಿರಾಕಿ ಅದನ್ನು ನೋಡಿ, "ಅಕ್ಕಾ, ಕೋಳಿ ಕೂಗೋಕೆ ಮುಂಚೆನೇ ಅಂಗಡಿ ತೆಗಿತೀರಾ?" ಅಂದ.