12 ಫ್ರೇಮಿನಲ್ಲೂ ಅದೇ ಮನುಷ್ಯ

ಒಬ್ಬರಿಗೆ ಒಂದು ಹಳೆಯ ಕಟ್ಟಡದ ಫೋಟೊ ಬೇಕಿತ್ತು. ಮುಂದೆ ಒಬ್ಬರೂ ಕಾಣಬಾರದು ಅನ್ನೋದೊಂದೇ ಷರತ್ತು. ಆದರೆ ಆ ಕಟ್ಟಡದ ಮುಂದೆ ಬೆಳಗಿನಿಂದಲೇ ಜನ ಹರಿಯುತ್ತಿರುತ್ತಾರೆ. ಅವರನ್ನೆಲ್ಲ ನಿಲ್ಲಿಸೋಕೆ ನಾನ್ಯಾರು?

ಹಾಗಾಗಿ ಜನರನ್ನು ಓಡಿಸದೆ ಮಾಯ ಮಾಡುವ ದಾರಿ ಹಿಡಿದೆ. ಮೋಡ ಕವಿದ ದಿನ ನೋಡಿ ಟ್ರೈಪಾಡ್ ನಿಲ್ಲಿಸಿದೆ. ಲೆನ್ಸಿನ ಕಿಂಡಿ ಎಫ್/11, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಐಎಸ್ಒ 100 ಇಟ್ಟರೆ ಶಟರ್ ತೆರೆದಿರುವ ಹೊತ್ತು 1/30 ಸೆಕೆಂಡ್ ಬರುತ್ತಿತ್ತು. ಲೆನ್ಸ್ ಮುಂದೆ 10 ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಡೆಯುವ ಕಪ್ಪು ಗಾಜು, ಹಾಕಿದೆ. ಅದು ಬೆಳಕನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತೆ, ಶಟರ್ 30 ಸೆಕೆಂಡ್ ತೆರೆದಿಡಬಹುದು. ಅಷ್ಟು ಹೊತ್ತಿನಲ್ಲಿ ನಡೆದುಹೋಗುವವರು ಯಾವ ಜಾಗದಲ್ಲೂ ಅರೆಕ್ಷಣಕ್ಕಿಂತ ಜಾಸ್ತಿ ಇರೋದಿಲ್ಲ. ಅವರ ಗುರುತೇ ಉಳಿಯುವುದಿಲ್ಲ. ಫಿಲ್ಟರ್ ಹಾಕುವ ಮುಂಚೆಯೇ ಫೋಕಸ್ ಮಾಡಿ ಲಾಕ್ ಮಾಡಿಕೊಂಡೆ, ಆಮೇಲೆ ವ್ಯೂಫೈಂಡರ್‌ನಲ್ಲಿ ಬರೀ ಕತ್ತಲೆ. ಆ ವ್ಯೂಫೈಂಡರನ್ನೂ ಕಪ್ಪು ಟೇಪಿನಿಂದ ಮುಚ್ಚಿದೆ. ಹಿಂದಿನಿಂದ ಬೆಳಕು ನುಗ್ಗಿ ಫೋಟೊ ಹಾಳಾದದ್ದನ್ನು ಒಮ್ಮೆ ಅನುಭವಿಸಿದ್ದೇನೆ.

ಒಂದೇ ಫ್ರೇಮನ್ನು ನಂಬೋದಿಲ್ಲ ನಾನು. 12 ತೆಗೆದು, ಹೆಚ್ಚಿನವುಗಳಲ್ಲಿ ಇರುವುದನ್ನೇ ಉಳಿಸುವ ಲೆಕ್ಕದಲ್ಲಿ ಕಂಪ್ಯೂಟರಿನಲ್ಲಿ ಒಟ್ಟು ಸೇರಿಸಿದರೆ, ಒಂದೆರಡರಲ್ಲಿ ಮಾತ್ರ ಇರುವ ಮಸುಕು ಕಲೆಗಳೂ ಹೋಗುತ್ತವೆ. ಟೈಮರ್ ಹಾಕಿ ಬಿಟ್ಟೆ. ಯಾರ ಕಾಲೂ ಟ್ರೈಪಾಡಿಗೆ ತಾಗದಂತೆ ಕಾಯುವುದೇ ನನ್ನ ಕೆಲಸವಾಗಿತ್ತು. ಒಂದು ಸೆಟ್ಟಿಂಗ್ ಆಫ್ ಮಾಡೋದು ಮರೆತಿದ್ದೆ. ಪ್ರತಿ ಫೋಟೊ ಆದ ಮೇಲೂ ಕ್ಯಾಮೆರಾ ಶಟರ್ ಮುಚ್ಚಿಕೊಂಡು ಇನ್ನೂ 30 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ನಾಯ್ಸ್, ಅಂದರೆ ಫೋಟೊದಲ್ಲಿ ಮೂಡುವ ಬೇಡದ ಚುಕ್ಕೆಗಳನ್ನು, ಕಡಿಮೆ ಮಾಡೋಕೆ. ಹೀಗೆ 6 ನಿಮಿಷದ ಕೆಲಸ 12 ನಿಮಿಷವಾಯಿತು.

ಮುಗಿದ ಮೇಲೆ ಸ್ಕ್ರೀನ್ ನೋಡಿದೆ. ರಸ್ತೆ ಖಾಲಿ. ಆದರೆ ಎಡಗಡೆ ಕಂಬದ ಪಕ್ಕದಲ್ಲಿ ಒಬ್ಬ ವಯಸ್ಸಾದವರು ನೆಟ್ಟಗೆ ನಿಂತಿದ್ದಾರೆ. ಮುಂದಿನ ಫ್ರೇಮ್ ನೋಡಿದೆ, ಅಲ್ಲೂ ಇದ್ದಾರೆ. ಅದರ ಮುಂದಿನದರಲ್ಲೂ. 12ರಲ್ಲೂ ಅದೇ ಜಾಗ, ಅದೇ ನಿಲುವು, ನೋಟ ನೇರ ಲೆನ್ಸಿಗೆ. ತಲೆಯೆತ್ತಿ ನೋಡಿದರೆ ಎದುರಿಗೆ ಬರೀ ಜನವೋ ಜನ, ಅವರು ಕಾಣಿಸುತ್ತಲೇ ಇಲ್ಲ! ಸುಳ್ಳು ಯಾಕೆ ಹೇಳಲಿ, ಬೆನ್ನಿನಲ್ಲಿ ಸಣ್ಣಗೆ ಚಳಿ ಓಡಿತು.

ಇಂಥದ್ದಕ್ಕೆ ಸುಲಭವಾಗಿ ಹೆದರುವವನಲ್ಲ ನಾನು. ಒಮ್ಮೆ ತುಂತುರು ಮಳೆಯಲ್ಲಿ ಫ್ಲಾಶ್ ಹಾಕಿ ಒಂದು ಮನೆಯವರ ಫೋಟೊ ತೆಗೆದಾಗ ಅವರ ಸುತ್ತ ಬಿಳಿ ಗುಂಡುಗಳು ಬಂದಿದ್ದವು. ತೀರಿಕೊಂಡ ಅಜ್ಜಿಯೇ ಬಂದಿದ್ದಾರೆ ಅಂತ ಅವರು ಅತ್ತರು. ಲೆನ್ಸಿನ ಹತ್ತಿರವಿದ್ದ ಹನಿಗಳಿಗೆ ಫ್ಲಾಶ್ ಬಡಿದು, ಫೋಕಸ್ ಇಲ್ಲದೆ ಗುಂಡಾಗಿ ಕಂಡದ್ದು ಅಷ್ಟೇ. ಹೇಳೋಕೆ ಬಾಯಿ ಬರಲಿಲ್ಲ, ಸುಮ್ಮನಿದ್ದೆ.

ಇದು ಹಾಗಲ್ಲ. ಯಾರಾದರೂ 10 ಸೆಕೆಂಡ್ ನಿಂತು ಹೋಗಿದ್ದರೆ ಅವರ ಮೈಯ ಮೂಲಕ ಗೋಡೆ ಕಾಣಬೇಕು. ಇವರು ಗಟ್ಟಿಯಾಗಿ ಮೂಡಿದ್ದರು. ಮುಖ ಮಾತ್ರ ಕೊಂಚ ಮಸುಕು. ಉಸಿರಾಡಿದ್ದಾರಲ್ಲ!

ಆಗ ನೆನಪಾದದ್ದು 1838ರಲ್ಲಿ ಫೋಟೊಗ್ರಫಿ ಶುರು ಮಾಡಿದವರಲ್ಲಿ ಒಬ್ಬನಾದ ಡಾಗೆರ್ ಪ್ಯಾರಿಸ್ಸಿನ ಬುಲವಾರ್ ದು ತಾಂಪ್ಲ್ ರಸ್ತೆಯನ್ನು ತೆಗೆದ ಚಿತ್ರ. ಶಟರ್ ತೆರೆದಿದ್ದದ್ದು ಕೆಲವು ನಿಮಿಷ. ಗಾಡಿಗಳು, ಜನ, ಯಾರೂ ಉಳಿಯಲಿಲ್ಲ. ಉಳಿದದ್ದು ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತಿದ್ದ ಒಬ್ಬ ಮನುಷ್ಯ. ಆತನ ಕಾಲ ಬಳಿ ಪಾಲಿಶ್ ಮಾಡುವವನ ಮಸುಕು ಆಕಾರ. ಸರಿ, ಅವನಿಗೆ ಪಾಲಿಶ್ ಇತ್ತು. ಇವರಿಗೇನಿತ್ತು?

ಜನರ ನಡುವೆ ಒಂದು ಸಂದಿಯಾಯಿತು. ಕಂಬದ ಪಕ್ಕದಲ್ಲೇ ಇದ್ದರು! ಕೈ ಎರಡೂ ಮೈಗೆ ಅಂಟಿಸಿ, ರೆಪ್ಪೆ ಬಡಿಯೋಕೂ ಹೆದರಿದವರಂತೆ. ಹತ್ತಿರ ಹೋದೆ.

“ಏನಪ್ಪಾ, ಆಯ್ತಾ?” ಅಂದರು, ತುಟಿ ಜಾಸ್ತಿ ಅಲ್ಲಾಡಿಸದೆ.

“ಯಜಮಾನ್ರೇ, ಯಾಕೆ ಹೀಗೆ ನಿಂತಿದ್ದೀರಿ?”

“ಕ್ಯಾಮೆರಾ ನನ್ನ ಕಡೆ ತಿರುಗಿಸಿದ್ದೆಯಲ್ಲ. ನಮ್ಮ ಕಾಲದಲ್ಲಿ ಸ್ಟುಡಿಯೋದವರು ಅಲ್ಲಾಡಬೇಡಿ ಅಂತ ಬೈಯುತ್ತಿದ್ದರು. ನೀನು ಆಯ್ತು ಅನ್ನಲೇ ಇಲ್ಲ.”

ಶಟರ್ ಮುಚ್ಚಿದ್ದ 6 ನಿಮಿಷವೂ ಪಾಪ ಹಾಗೇ ನಿಂತಿದ್ದರು. ಆ ಸೆಟ್ಟಿಂಗಿನ ವಿಷಯ ಇವತ್ತಿಗೂ ಅವರಿಗೆ ಹೇಳಿಲ್ಲ.

12 ಫ್ರೇಮ್ ಸೇರಿಸಿದರೂ ಅವರು ಹೋಗುವುದಿಲ್ಲ ಅಂತ ಗೊತ್ತಿತ್ತು. ಅಲ್ಲಾಡದವರನ್ನು ಆ ಲೆಕ್ಕ ಗೋಡೆ, ಕಂಬದ ಜೊತೆಗೇ ಸೇರಿಸಿಬಿಡುತ್ತೆ. ಅವರನ್ನು ನನ್ನ ಪಕ್ಕಕ್ಕೆ ಕರೆದು, ಟ್ರೈಪಾಡ್ ಕದಲಿಸದೆ ಮತ್ತೆ 12 ತೆಗೆದೆ. ಖಾಲಿ ರಸ್ತೆ ಕೇಳಿದವರಿಗೆ ಹೋಯಿತು. ಮೊದಲ ಸರದಿಯಲ್ಲಿ ಮುಖ ಜಾಸ್ತಿ ಚೂಪಾಗಿ ಬಂದದ್ದು 7ನೇ ಫ್ರೇಮ್. ಅದನ್ನು ಪ್ರಿಂಟ್ ಹಾಕಿಸಿ ಅವರಿಗೆ ಕೊಟ್ಟೆ.

ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

“ಚೆನ್ನಾಗಿ ಬಂದಿದೆ. ಆದ್ರೆ ಅವತ್ತು ಅಷ್ಟೊಂದು ಜನ ಇದ್ರಲ್ಲಪ್ಪಾ, ಅವರೆಲ್ಲ ಎಲ್ಲಿ?”