ಬಿಲ್ಲು ಬೇಟೆಯಲ್ಲಿ ಬೆಳಗುವ ನಾಕ್: ಆಯ್ಕೆ, ಜೋಡಣೆ, ಬಳಕೆ

ಅಮೆರಿಕದ ಕಾಡುಗಳಲ್ಲಿ ಬಿಲ್ಲು ಹಿಡಿದು ಬಿಳಿಬಾಲದ ಜಿಂಕೆಗಾಗಿ ಕಾಯುವವರಿಗೆ ಬಾಣ ಬಿಡುವ ಅವಕಾಶ ಹೆಚ್ಚಾಗಿ ಒದಗುವುದು ಬೆಳಗಿನ ಮೊದಲ ಗಂಟೆಯಲ್ಲಿ ಅಥವಾ ಸಂಜೆಯ ಕೊನೆಯ ಗಂಟೆಯಲ್ಲಿ, ಅಂದರೆ ಬೆಳಕು ತೀರಾ ಕಡಿಮೆ ಇರುವ ಹೊತ್ತಿನಲ್ಲಿ. ರಾಟೆ ಮತ್ತು ಕೇಬಲ್‌ಗಳುಳ್ಳ ಕಾಂಪೌಂಡ್ ಬಿಲ್ಲಿನಿಂದ ಸೆಕೆಂಡಿಗೆ 280 ಅಡಿ ವೇಗದಲ್ಲಿ ಹೊರಟ ಬಾಣವು 20 ಗಜ ದೂರವನ್ನು ಸುಮಾರು 0.2 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಕಣ್ಣು ಅದನ್ನು ಹಿಂಬಾಲಿಸುವ ಮೊದಲೇ ಜಿಂಕೆ ನೆಗೆದು ಪೊದೆಗಳ ಆಚೆ ಮರೆಯಾಗಿರುತ್ತದೆ. ಬಾಣ ತಗುಲಿತೇ, ತಗುಲಿದ್ದರೆ ದೇಹದ ಯಾವ ಭಾಗಕ್ಕೆ, ಪ್ರಾಣಿ ಯಾವ ಕಡೆಗೆ ಓಡಿತು ಎಂಬುದು ಸ್ಪಷ್ಟವಾಗದೆ ಹೋದರೆ, ಗಾಯಗೊಂಡ ಜೀವವೊಂದು ನರಳಿ, ಯಾರ ಕೈಗೂ ಸಿಗದೆ ಸಾಯುವ ಸಂಭವವಿದೆ. ಬಾಣದ ಹಿಂತುದಿಯಲ್ಲಿ ಕೂತು ದೀಪದಂತೆ ಹೊತ್ತಿಕೊಳ್ಳುವ ಸಣ್ಣ ತುಂಡು, ಅಂದರೆ ಬೆಳಗುವ ನಾಕ್, ನಿಜವಾಗಿ ನೆರವಿಗೆ ಬರುವುದು ಇಲ್ಲಿಯೇ. ಗುರಿ ಹಿಡಿಯುವುದಕ್ಕೆ ಅದರಿಂದ ಯಾವ ಸಹಾಯವೂ ಇಲ್ಲ. ಬಾಣ ಬಿಟ್ಟ ಮೇಲೆ ಏನಾಯಿತು ಎಂಬುದಕ್ಕೆ ಅದು ಸಾಕ್ಷಿ ಹೇಳುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿರುವುದರಿಂದ ಈ ಸಾಧನಕ್ಕೆ ಇಲ್ಲಿ ಎಡೆಯಿಲ್ಲ. ಬಿಲ್ವಿದ್ಯೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ನಿಯಮಗಳು ವಿದ್ಯುತ್ ಬಳಸುವ ನಾಕ್‌ಗಳನ್ನು ಒಪ್ಪದ ಕಾರಣ ಬಿಲ್ವಿದ್ಯೆಯ ಸ್ಪರ್ಧೆಗಳಲ್ಲಿಯೂ ಇದನ್ನು ಬಳಸುವಂತಿಲ್ಲ. ಆದ್ದರಿಂದ ಮುಂದಿನ ಮಾತುಗಳು ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಬೇಟೆ ಶಿಕ್ಷಣವನ್ನು ಮುಗಿಸಿ, ಪರವಾನಗಿ ಪಡೆದು ಬಿಲ್ಲು ಬೇಟೆಗೆ ಹೊರಡುವ ಕನ್ನಡಿಗರನ್ನು ಉದ್ದೇಶಿಸಿದವು.

ಒಳಗೆ ಏನಿದೆ

ಬಾಣದ ಹಿಂತುದಿಯಲ್ಲಿ ಹೆದೆ ಕೂರುವ ಸೀಳುಳ್ಳ ಪ್ಲಾಸ್ಟಿಕ್ ತುಂಡೇ ನಾಕ್. ಬೆಳಗುವ ನಾಕ್‌ನಲ್ಲಿ ಈ ತುಂಡು ಪಾರದರ್ಶಕವಾಗಿದ್ದು, ಅದರೊಳಗೆ ಸಣ್ಣ ಎಲ್‌ಇಡಿ ದೀಪವೂ ಅದರ ಹಿಂದೆಯೇ ಸೂಜಿಯಂತೆ ಸಪೂರವಾದ 3 ವೋಲ್ಟಿನ ಲಿಥಿಯಂ ಬ್ಯಾಟರಿಯೂ ಇರುತ್ತವೆ. ಬ್ಯಾಟರಿ ಬಾಣದ ಟೊಳ್ಳಿನೊಳಗೆ ಅಡಗುತ್ತದೆ. ಹೆದೆಯನ್ನು ಬಿಟ್ಟಾಗ ಅದು ನಾಕ್‌ನ ಮೇಲೆ ಹಾಕುವ ರಭಸದ ಒತ್ತಡವೇ ಒಳಗಿನ ಸ್ವಿಚ್ಚನ್ನು ಮುಂದಕ್ಕೆ ತಳ್ಳಿ ದೀಪ ಹೊತ್ತಿಸುತ್ತದೆ. ಲುಮೆನಾಕ್, ನಾಕ್ಟರ್ನಲ್ ಮೊದಲಾದ ಹೆಸರುಗಳಲ್ಲಿ ಸಿಗುವ ನಾಕ್‌ಗಳ ರಚನೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ತತ್ತ್ವ ಇದೇ.

ಬಾಣ ಬಿಲ್ಲನ್ನು ಬಿಟ್ಟ ಮೇಲೆ ಮಾತ್ರ ದೀಪ ಹೊತ್ತುತ್ತದೆ ಎಂಬ ಅಂಶವೇ ಕಾನೂನಿನ ಚರ್ಚೆಯನ್ನೂ ಬದಲಿಸಿತು. ಬಿಲ್ಲು ಬೇಟೆಯ ದಾಖಲೆಗಳನ್ನು ಇಡುವ ಪೋಪ್ ಅಂಡ್ ಯಂಗ್ ಕ್ಲಬ್ 1961ರಲ್ಲಿ ಸ್ಥಾಪನೆಯಾಯಿತು. ಬಿಲ್ಲಿಗಾಗಲಿ ಬಾಣಕ್ಕಾಗಲಿ ವಿದ್ಯುನ್ಮಾನ ಸಾಧನಗಳನ್ನು ಜೋಡಿಸಬಾರದೆಂಬ ನಿಯಮವನ್ನು ಬಹುಕಾಲ ಬಿಗಿಯಾಗಿ ಪಾಲಿಸಿಕೊಂಡು ಬಂದಿದ್ದ ಈ ಸಂಸ್ಥೆ 2014ರಲ್ಲಿ ಬೆಳಗುವ ನಾಕ್‌ಗೆ ವಿನಾಯಿತಿ ನೀಡಿತು. ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಪ್ರಾಣಿಯನ್ನು ಕೊಲ್ಲುವುದನ್ನು ಸುಲಭಗೊಳಿಸುವ ಸಾಧನಕ್ಕೂ ಗಾಯಗೊಂಡ ಪ್ರಾಣಿಯನ್ನು ಹುಡುಕಲು ನೆರವಾಗುವ ಸಾಧನಕ್ಕೂ ವ್ಯತ್ಯಾಸವಿದೆ. ಆದರೆ ಕ್ಲಬ್ಬಿನ ಒಪ್ಪಿಗೆ ಎಂದರೆ ಸರ್ಕಾರದ ಅನುಮತಿಯಲ್ಲ. ಪಶ್ಚಿಮದ ಕೆಲವು ರಾಜ್ಯಗಳು ಬಾಣದ ಮೇಲಿನ ವಿದ್ಯುನ್ಮಾನ ಸಾಧನಗಳನ್ನು ಹಲವು ವರ್ಷಗಳ ಕಾಲ ನಿಷೇಧಿಸಿದ್ದವು. ನಿಯಮಗಳು ಋತುವಿನಿಂದ ಋತುವಿಗೆ ಬದಲಾಗುವುದೂ ಉಂಟು. ಹೀಗಾಗಿ ಹಣ ಕೊಡುವ ಮೊದಲು ಆಯಾ ರಾಜ್ಯದ ವನ್ಯಜೀವಿ ಇಲಾಖೆ ಪ್ರಕಟಿಸಿರುವ ಆ ವರ್ಷದ ನಿಯಮ ಪುಸ್ತಿಕೆಯನ್ನು ಓದಬೇಕು.

ಅಳತೆ, ಬಣ್ಣ ಮತ್ತು ತೂಕ

ನಾಕ್ ಬಾಣದ ಒಳಗೆ ಕೂರುವುದರಿಂದ ನೋಡಬೇಕಾದದ್ದು ಬಾಣದ ಒಳವ್ಯಾಸವನ್ನು. ಬೇಟೆಯ ಕಾರ್ಬನ್ ಬಾಣಗಳಲ್ಲಿ 0.166, 0.204, 0.244 ಮತ್ತು 0.246 ಇಂಚಿನ ಒಳವ್ಯಾಸಗಳು ಸಾಮಾನ್ಯ. ಕೊನೆಯ ಎರಡು ಅಳತೆಗಳ ನಡುವೆ ಇರುವುದು ಇಂಚಿನ ಸಾವಿರದಲ್ಲಿ ಎರಡು ಭಾಗದಷ್ಟು ಅಂತರವಾದರೂ, ಒಂದಕ್ಕೆಂದು ಮಾಡಿದ ನಾಕ್ ಇನ್ನೊಂದರಲ್ಲಿ ಸಡಿಲವಾಗಿ ಅಥವಾ ಬಿಗಿಯಾಗಿ ಕೂರಬಹುದು. ಸಡಿಲವಾದ ನಾಕ್ ತಿರುಗುತ್ತದೆ, ಕೆಲವೊಮ್ಮೆ ಕಳಚಿ ಬೀಳುತ್ತದೆ. ಅಡ್ಡಬಿಲ್ಲು (ಕ್ರಾಸ್‌ಬೋ) ಬಳಸುವವರಂತೂ ತಯಾರಕರು ಸೂಚಿಸಿದ ಆಕಾರದ ನಾಕ್‌ನ ಹೊರತು ಬೇರೆಯದನ್ನು ಮುಟ್ಟಬಾರದು. ಹೆದೆ ನಾಕ್‌ನಿಂದ ಜಾರಿದರೆ ಬಿಲ್ಲು ಒಡೆದು ಬಳಸುವವರಿಗೇ ಪೆಟ್ಟಾಗುವ ಅಪಾಯವಿದೆ.

ಬಣ್ಣದ ಆಯ್ಕೆ ಕಾಡಿನ ಋತುವನ್ನು ಅವಲಂಬಿಸಿದೆ. ಎಲೆಗಳು ಇನ್ನೂ ಹಸಿರಾಗಿರುವ ಸೆಪ್ಟೆಂಬರಿನಲ್ಲಿ ಕೆಂಪು ಎದ್ದು ಕಾಣುತ್ತದೆ. ನೆಲವೆಲ್ಲ ಕಂದು, ಕೇಸರಿ ತರಗೆಲೆಗಳಿಂದ ತುಂಬಿದ ಮೇಲೆ ಹಸಿರು ಎದ್ದು ಕಾಣುತ್ತದೆ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದ ವರ್ಣಾಂಧತೆ ಗಂಡಸರಲ್ಲಿ ಅಪರೂಪವೇನಲ್ಲವಾದ್ದರಿಂದ, ಮುಸ್ಸಂಜೆಯಲ್ಲಿ ಎರಡನ್ನೂ ಹೊತ್ತಿಸಿ ತಮ್ಮ ಕಣ್ಣಿಗೆ ಯಾವುದು ಚೆನ್ನಾಗಿ ಕಾಣುತ್ತದೆಂದು ನೋಡಿಕೊಳ್ಳುವುದು ಒಳ್ಳೆಯದು.

ತೂಕದ ವಿಷಯವನ್ನು ಹಲವರು ಲಘುವಾಗಿ ತೆಗೆದುಕೊಳ್ಳುತ್ತಾರೆ, ಹಾಗೆ ಮಾಡಬಾರದು. ಸಾಮಾನ್ಯ ನಾಕ್ 10 ಗ್ರೇನ್ ಆಸುಪಾಸಿನಲ್ಲಿ ತೂಗಿದರೆ ಬೆಳಗುವ ನಾಕ್ 20ರಿಂದ 25 ಗ್ರೇನ್ ತೂಗುತ್ತದೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ ಆದ್ದರಿಂದ ಈ ಹೆಚ್ಚಳ ಒಂದು ಗ್ರಾಂನ ಆಸುಪಾಸು ಮಾತ್ರ; ಆದರೆ ಅದು ಸೇರುವುದು ಬಾಣದ ಕಟ್ಟಕಡೆಯ ತುದಿಯಲ್ಲಿ. 28 ಇಂಚು ಉದ್ದದ, 420 ಗ್ರೇನ್ ತೂಕದ ಬಾಣವೊಂದರ ಸಮತೋಲನ ಬಿಂದು ನಡುಮಧ್ಯಕ್ಕಿಂತ ಉದ್ದದ ಶೇಕಡಾ 12ರಷ್ಟು ಮುಂದಿದೆ ಎಂದುಕೊಳ್ಳೋಣ. ಹಿಂದೆ 12 ಗ್ರೇನ್ ಸೇರಿಸಿದರೆ ಆ ಪ್ರಮಾಣ ಶೇಕಡಾ 10.3ರ ಸಮೀಪಕ್ಕೆ ಇಳಿಯುತ್ತದೆ, ವೇಗವೂ ಸೆಕೆಂಡಿಗೆ ಮೂರು ನಾಲ್ಕು ಅಡಿಗಳಷ್ಟು ಕಡಿಮೆಯಾಗುತ್ತದೆ. ಈ ಪ್ರಮಾಣವೇ ಬಾಣದ ಮುಂಭಾರ; ಅದು ಕಡಿಮೆಯಾದಷ್ಟೂ ಬಾಣ ಹಾರಾಟದಲ್ಲಿ ನೆಟ್ಟಗಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬಾಣದ ಮುಂತುದಿಗೆ ಹಾಕುವ ಬೇಟೆಯ ಅಲಗು ಅಗಲವಾಗಿದ್ದರೆ ಈ ದೋಷ ಇನ್ನೂ ಎದ್ದು ಕಾಣುತ್ತದೆ. ಮೊದಲೇ ಮುಂಭಾರ ಕಡಿಮೆ ಇರುವ ಬಾಣವಾದರೆ ಮೊನೆಯ ತೂಕವನ್ನು ಹೆಚ್ಚಿಸಿ ಸರಿದೂಗಿಸಬಹುದು. ಆದರೆ ಮೊನೆ ಭಾರವಾದಾಗ ಬಾಣ ಹೆಚ್ಚು ಬಾಗುವುದರಿಂದ ಬಾಣದ ಬಿಗುವನ್ನೂ ಮತ್ತೆ ಪರಿಶೀಲಿಸಬೇಕಾಗುತ್ತದೆ.

ಜೋಡಿಸುವುದು ಮತ್ತು ಪರೀಕ್ಷಿಸುವುದು

ಎಲ್ಲಕ್ಕಿಂತ ಮೊದಲು ಅಲಗನ್ನು ತಿರುಪಿ ತೆಗೆದು ದೂರ ಇಡಿ. ನಾಕ್ ಒತ್ತುವಾಗ ಕೈ ಜಾರಿ ಅಲಗಿನ ಮೇಲೆ ಬಿದ್ದರೆ ಆಗುವ ಗಾಯ ಸಣ್ಣದಲ್ಲ. ಹಳೆಯ ನಾಕ್ ಅನ್ನು ಎಳೆದು ತೆಗೆದ ಮೇಲೆ ಬಾಣದ ಒಳಬಾಯಿಯಲ್ಲಿ ಅಂಟು, ಧೂಳು, ಕಾರ್ಬನ್ ಪುಡಿ ಇಲ್ಲದಂತೆ ಒರೆಸಿ, ಹೊಸದನ್ನು ನೇರವಾಗಿ ಒತ್ತಿ ಕೂರಿಸಿ. ಒತ್ತುವಾಗ ದೀಪ ಹೊತ್ತಿದರೆ ಗಾಬರಿ ಬೇಡ. ಹೆಚ್ಚಿನ ಮಾದರಿಗಳಲ್ಲಿ ಪಕ್ಕದ ಸಣ್ಣ ಕಿಂಡಿಯ ಮೂಲಕ ಸಪೂರ ಸಲಾಕೆಯಿಂದ ಸ್ವಿಚ್ಚನ್ನು ಹಿಂದಕ್ಕೆ ಸರಿಸಿ ಆರಿಸಬಹುದು. ಇನ್ನು ಕೆಲವನ್ನು ತುಸು ಹಿಂದಕ್ಕೆಳೆದರೆ ಆರುತ್ತವೆ. ಬಳಿಕ ಹೆದೆಗೆ ಏರಿಸಿದಾಗ ಗರಿಗಳು ಬಿಲ್ಲಿನಲ್ಲಿ ಬಾಣ ಕೂರುವ ಆಸರೆಗಾಗಲಿ ಕೇಬಲ್ಲಿಗಾಗಲಿ ತಗುಲದಂತೆ ನಾಕ್ ಅನ್ನು ತಿರುಗಿಸಿ ಹೊಂದಿಸಬೇಕು.

ಹೆದೆಯ ಮೇಲೆ ನಾಕ್ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದೇ ದೀಪದ ನಂಬಿಕೆಯನ್ನು ನಿರ್ಧರಿಸುತ್ತದೆ. ಸಣ್ಣ ಟಿಕ್ ಸದ್ದಿನೊಂದಿಗೆ ಕೂತು, ಬಾಣವನ್ನು ಕೆಳಮುಖವಾಗಿ ತೂಗುಬಿಟ್ಟರೂ ಬೀಳದೆ, ಹೆದೆಯನ್ನು ಬೆರಳಿನಿಂದ ತಟ್ಟಿದಾಗ ಕಳಚಿಕೊಂಡರೆ ಹಿಡಿತ ಸರಿಯಿದೆ. ಅದಕ್ಕಿಂತ ಬಿಗಿಯಾಗಿದ್ದರೆ ಬಾಣ ಬಿಲ್ಲನ್ನು ಬಿಡುವಾಗ ಹೆದೆ ನಾಕ್ ಅನ್ನು ಹಿಂದಕ್ಕೆ ಜಗ್ಗಿ ದೀಪ ಆರಿಹೋಗಬಹುದು; ನಾಕ್ ಕೂರುವಲ್ಲಿ ಹೆದೆಗೆ ಸುತ್ತಿರುವ ದಾರವನ್ನು ಬದಲಿಸಿದರೆ ಇದು ಸರಿಹೋಗುತ್ತದೆ. ಎಳೆತದ ಬಲ ಕಡಿಮೆ ಇರುವ ಬಿಲ್ಲುಗಳಲ್ಲಿ ದೀಪ ಹೊತ್ತದೇ ಇರುವುದೂ ಉಂಟು. ಆದ್ದರಿಂದ ಅಭ್ಯಾಸದ ಮೊನೆ ಹಾಕಿ, ಬೇಟೆಗೆ ಒಯ್ಯಲಿರುವ ಪ್ರತಿಯೊಂದು ಬಾಣವನ್ನೂ ಗುರಿದಿಂಬಿಗೆ ಹೊಡೆದು ನೋಡಬೇಕು. ಮೊದಲ ಪ್ರಯತ್ನಗಳಲ್ಲಿಯೇ ಕೈಕೊಟ್ಟ ನಾಕ್ ಅನ್ನು ಅಭ್ಯಾಸಕ್ಕೆ ಮೀಸಲಿಡಿ. ಕಾಡಿನಲ್ಲಿ ಅದು ಸರಿಹೋದೀತೆಂದು ನಂಬುವುದು ಸಲ್ಲದು.

ಮುಂದೆ 20 ಮತ್ತು 30 ಗಜಗಳಿಂದ ಅಲಗು ಹಾಕಿದ ಬಾಣಗಳು ಅಭ್ಯಾಸದ ಬಾಣಗಳ ಜಾಗಕ್ಕೇ ಬೀಳುತ್ತವೆಯೇ ಎಂದು ನೋಡಿ. ಬ್ಯಾಟರಿ ಉಳಿಸಬೇಕೆಂದು ಹಗುರವಾದ ಸಾಮಾನ್ಯ ನಾಕ್ ಹಾಕಿ ಅಭ್ಯಾಸ ಮಾಡಿ, ಬೇಟೆಯ ದಿನ ಭಾರದ ನಾಕ್‌ಗೆ ಬದಲಿಸುವ ರೂಢಿಯನ್ನು ಬಿಡಬೇಕು. ಅದೇ ತೂಕದ, ದೀಪವಿಲ್ಲದ ನಾಕ್‌ಗಳು ಅಭ್ಯಾಸಕ್ಕೆಂದೇ ಸಿಗುತ್ತವೆ.

ಬಾಣ ಬಿಟ್ಟ ಮೇಲೆ

ಅಟ್ಟಣೆಯ ಮೇಲೆ ಕೂತಾಗ ನೆನಪಿಡಬೇಕಾದ ಮುಖ್ಯ ಸಂಗತಿಯೊಂದಿದೆ: ದೀಪವಿರುವ ಬಾಣ ಕತ್ತಲಲ್ಲಿ ಹೊಡೆಯಲು ಕೊಟ್ಟ ಅನುಮತಿಯಲ್ಲ. ಅನೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಯ ವೇಳೆ ಸೂರ್ಯಾಸ್ತದ ಅರ್ಧ ಗಂಟೆಯ ನಂತರ ಮುಗಿಯುತ್ತದೆ. ಮೋಡ ಕವಿದ ದಟ್ಟ ಕಾಡಿನಲ್ಲಿ ಅದಕ್ಕೂ ಮೊದಲೇ ಪ್ರಾಣಿಯ ಭುಜದ ಗೆರೆ ಕಣ್ಣಿಗೆ ಕಾಣದಾಗುತ್ತದೆ. ಆ ಗೆರೆ ಕಾಣದಿದ್ದರೆ ಬಿಲ್ಲನ್ನು ಇಳಿಸುವುದೇ ಸರಿ. ಎಳೆದ ಹೆದೆಯನ್ನು ಬಾಣ ಬಿಡದೆ ಇಳಿಸುವಾಗ ನಾಕ್ ಕೆಲವೊಮ್ಮೆ ತಾನಾಗಿ ಹೊತ್ತಿಕೊಳ್ಳುತ್ತದೆ, ನೋಡಿ ಆರಿಸಿ.

ಬಾಣ ಬಿಟ್ಟ ಕೂಡಲೇ ಬಿಲ್ಲನ್ನು ಸರಿಸದೆ ಬೆಳಕಿನ ಗೆರೆ ಎಲ್ಲಿ ಕೊನೆಗೊಂಡಿತೆಂದು ನೋಡಬೇಕು. ಜಿಂಕೆ ನಿಂತಿದ್ದ ಜಾಗದ ಆಚೆ ನೆಲದ ಮೇಲೆ ದೀಪ ನಿಶ್ಚಲವಾಗಿ ಬೆಳಗುತ್ತಿದ್ದರೆ ಬಾಣ ದೇಹವನ್ನು ಹಾಯ್ದು ಹೋಗಿರಬಹುದು, ಇಲ್ಲವೇ ಗುರಿಯೇ ತಪ್ಪಿರಬಹುದು. ದೀಪ ಪ್ರಾಣಿಯ ಜೊತೆಯಲ್ಲೇ ಓಡಿದರೆ ಬಾಣ ದೇಹದಲ್ಲೇ ಉಳಿದಿದೆ. ಅದು ಕೊನೆಯದಾಗಿ ಕಂಡ ಮರವನ್ನು ಗುರುತಿಟ್ಟುಕೊಳ್ಳಿ, ದಿಕ್ಸೂಚಿಯಲ್ಲಿ ದಿಕ್ಕನ್ನು ನೋಡಿಕೊಳ್ಳಿ.

ಆದರೆ ಈ ಸಾಕ್ಷಿಯನ್ನೂ ಪಾಟೀಸವಾಲಿಗೆ ಒಳಪಡಿಸಲೇಬೇಕು. ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ವೇಗದಲ್ಲಿ ಸಾಗುವುದರಿಂದ ಬಿಲ್ಲಿನ ಸದ್ದು ಬಾಣಕ್ಕಿಂತ ಬಹಳ ಮೊದಲೇ ಜಿಂಕೆಯನ್ನು ತಲುಪುತ್ತದೆ. ಬೆಚ್ಚಿದ ಜಿಂಕೆ ಓಡುವುದಕ್ಕಾಗಿ ಮೊದಲು ಮೈಯನ್ನು ಕೆಳಕ್ಕೆ ಕುಗ್ಗಿಸುತ್ತದೆ, ಭುಜದ ಹಿಂದೆ ಇಟ್ಟ ಗುರಿ ಬೆನ್ನಿನ ಸಮೀಪಕ್ಕೆ ಬೀಳುತ್ತದೆ. ಎತ್ತರದಿಂದ ನೋಡುವ ಕೋನವೂ ಕಣ್ಣನ್ನು ವಂಚಿಸುತ್ತದೆ. ಆದ್ದರಿಂದ ಕನಿಷ್ಠ ಅರ್ಧ ಗಂಟೆ ಅಟ್ಟಣೆಯಲ್ಲೇ ಕಾದು, ನೆಲದ ಮೇಲೆ ದೀಪ ಕಾಣುತ್ತಿದ್ದರೆ ಸದ್ದಿಲ್ಲದೆ ಇಳಿದು ಬಾಣದ ಬಳಿಗೆ ಹೋಗಿ, ಅದರ ಮೇಲಿನ ರಕ್ತವನ್ನು ಪರೀಕ್ಷಿಸಬೇಕು. ಕತ್ತಲಲ್ಲಿ ಬಾಣ ಸಿಗುವುದು ದೀಪದಿಂದ. ಆದರೆ ನಿರ್ಣಯ ಸಿಗುವುದು ಬಾಣದಿಂದ.

ರಕ್ತ ತಿಳಿಗೆಂಪಾಗಿ ನೊರೆಗುಳ್ಳೆಗಳಿಂದ ಕೂಡಿದ್ದರೆ ಬಾಣ ಶ್ವಾಸಕೋಶವನ್ನು ಹಾಯ್ದಿದೆ. ಪ್ರಾಣಿ ಹೆಚ್ಚು ದೂರ ಹೋಗಿರುವುದಿಲ್ಲ, ಜಾಡು ಹಿಡಿಯಬಹುದು. ಕಡುಗೆಂಪು ರಕ್ತವಿದ್ದರೆ ಪಿತ್ತಜನಕಾಂಗಕ್ಕೆ ತಗುಲಿರುವ ಸಂಭವ ಹೆಚ್ಚು, ಕನಿಷ್ಠ ನಾಲ್ಕು ಗಂಟೆ ಕಾಯಬೇಕು. ಹಸಿರು ಬಣ್ಣದ ಕಸರು ಮತ್ತು ದುರ್ವಾಸನೆ ಇದ್ದರೆ ಬಾಣ ಹೊಟ್ಟೆಗೆ ತಗುಲಿದೆ. ಎಂಟರಿಂದ ಹನ್ನೆರಡು ಗಂಟೆ ಹತ್ತಿರ ಸುಳಿಯಬಾರದು. ಅವಸರದಿಂದ ಬೆನ್ನಟ್ಟಿದರೆ, ಹತ್ತಿರದಲ್ಲೇ ಮಲಗಿ ಪ್ರಾಣ ಬಿಡಬೇಕಿದ್ದ ಜಿಂಕೆ ಎದ್ದು ಮೈಲುಗಟ್ಟಲೆ ನಡೆದು ಕೈತಪ್ಪುತ್ತದೆ. ದೂರದಲ್ಲಿ ಪೊದೆಯ ನಡುವೆ ದೀಪ ಬೆಳಗುತ್ತಿರುವುದು ಕಂಡಾಗ ಕಾಯುವುದು ಬಹಳ ಕಷ್ಟ, ಆದರೂ ಕಾಯಬೇಕು. ಮಳೆಯ ಸೂಚನೆಯಿದ್ದು ಜಾಡು ಅಳಿಸಿಹೋಗುವ ಭಯವಿದ್ದರೆ, ಅನುಮತಿಯಿರುವ ರಾಜ್ಯಗಳಲ್ಲಿ ಹಗ್ಗ ಕಟ್ಟಿದ ಜಾಡುನಾಯಿಯ ನೆರವು ಪಡೆಯುವುದು ಉತ್ತಮ.

ಬಾಣ ಸಿಕ್ಕಿದ ಮೇಲೆ ಅಲಗಿನ ಕಡೆಗೆ ಕೈ ಹೋಗದಂತೆ ಹಿಡಿದು ದೀಪ ಆರಿಸಿ. ಮನೆಗೆ ಬಂದು ಬಾಣವನ್ನು ತೊಳೆದು, ತುಸು ಬಾಗಿಸಿ ಬಿರುಕಿನ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ. ಬಿರುಕು ಬಿಟ್ಟ ಕಾರ್ಬನ್ ಬಾಣ ಮುಂದಿನ ಸಲ ಹೆದೆ ಬಿಟ್ಟಾಗ ಸಿಡಿದು ಕೈಗೆ ಚುಚ್ಚಬಹುದು. ನಾಕ್‌ನ ಸೀಳಿನಲ್ಲಿ ಬಿಳಿಯ ಗೆರೆ ಮೂಡಿದ್ದರೆ ಅದನ್ನೂ ಎಸೆಯಬೇಕು. ಲಿಥಿಯಂ ಬ್ಯಾಟರಿಗಳು ಚಳಿಯಲ್ಲಿ ಸೊರಗುವುದರಿಂದ ಹೊಸ ಋತುವಿಗೆ ಹೊಸ ನಾಕ್‌ಗಳನ್ನೇ ಹಾಕಿಕೊಂಡು, ಹಳೆಯವನ್ನು ಬ್ಯಾಟರಿ ಸಂಗ್ರಹಿಸುವ ಕೇಂದ್ರಕ್ಕೆ ಕೊಡಿ.